ಗಂಡನ ಹೆಸರು ಹೇಳದವಳ ಕನಸು

ಈಸೂರಿನ ಕಡೆಯ ನಿಂಗಮ್ಮ ಹುಚ್ಚೆಳ್ಳಿಗೆ ಹುಚ್ಚೆಳ್ಳು ಎನ್ನುವುದಿಲ್ಲ, ಗುರೆಳ್ಳು ಎನ್ನುತ್ತಾಳೆ. ಹುಚ್ಚುನಾಯಿ ಅವಳ ಬಾಯಲ್ಲಿ ತಲೆಕೆಟ್ಟ ನಾಯಿ. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಮದುವೆಯಾದ ವರ್ಷದಿಂದ ತಪ್ಪದೆ ಕಾಯಿ ಒಡೆಸುತ್ತ ಬಂದವಳು, ಆದರೆ ಆ ದೇವರು ಅವಳಿಗೆ ಕೆರೆ ದಂಡೆ ಹನುಮಪ್ಪ. ಕಾರಣ ಇಷ್ಟೇ, ಅವಳ ಗಂಡನ ಹೆಸರು ಹುಚ್ಚರಾಯಪ್ಪ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ನಿಜಕ್ಕೂ ಹಾಗಾಗುವುದಿದ್ದರೆ ಎಷ್ಟೋ ಹೆಂಡತಿಯರು ಬೆಳಗಾಗೆದ್ದು ಅದನ್ನೇ ಜಪ ಮಾಡುತ್ತಿದ್ದರು, ಆ ಮಾತು ಬೇರೆ. ನಿಂಗಮ್ಮ ಮಾತ್ರ ಎಚ್ಚರಿಕೆಯ ಹೆಂಗಸು. ಹೆಸರೊಂದನ್ನೇ ಬಿಟ್ಟರೆ ಸಾಲದೆಂದು ಹೆಸರಿನ ತುಂಡುಗಳನ್ನೂ ಬಿಟ್ಟಳು.

ಇದರಿಂದ ಒಂದು ಫಜೀತಿಯೂ ಆಗಿತ್ತು. ರೇಷನ್ ಕಾರ್ಡಿಗೆ ಹೆಸರು ಬರೆಸಲು ಒಬ್ಬಳೇ ಹೋಗಿದ್ದಾಗ ಬರೆಯುವವನು, "ಗಂಡನ ಹೆಸ್ರು ಹೇಳಮ್ಮ" ಎಂದ. ನಿಂಗಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅದೇ ರೀ, ಕೆರೆ ದಂಡೆ ಮ್ಯಾಲಿನ ದೇವ್ರ ಹೆಸ್ರು" ಎಂದಳು.

"ಯಾವ ದೇವ್ರು?"

"ಹನುಮಪ್ಪ ಅಲ್ಲೇನ್ರಿ ಅಲ್ಲಿರಾದು."

ಅವನು ಹನುಮಂತಪ್ಪ ಎಂದು ಬರೆದುಕೊಂಡ. ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ನಿಂಗಮ್ಮ ಹನುಮಂತಪ್ಪನ ಹೆಂಡತಿ. ತಿದ್ದಿಸೋಣ, ತಿದ್ದಿಸೋಣ ಎನ್ನುವುದರಲ್ಲೇ ವರ್ಷಗಳು ಕಳೆದವು. ಹುಚ್ಚರಾಯಪ್ಪ ರೇಷನ್ ಅಕ್ಕಿ ತಂದಾಗಲೆಲ್ಲ ಚೀಲವನ್ನು ಧೊಪ್ಪನೆ ಇಳಿಸಿ, "ತಗಾ, ನಿನ್ನ ಹನುಮಂತಪ್ಪ ಕಳಿಸ್ಯಾನೆ" ಎನ್ನುತ್ತಿದ್ದ. ನಿಂಗಮ್ಮ ಹುಸಿಮುನಿಸು ಮಾಡಿ ಒಳಗೆ ಹೋಗಿ ನಗುತ್ತಿದ್ದಳು.

ಆ ಹುಚ್ಚರಾಯಪ್ಪ ಎರಡು ವರ್ಷದ ಹಿಂದೆ ಆನವಟ್ಟಿಗೆ ಟಗರು ಮಾರಲು ಹೋದವನು, ಚಹಾದಂಗಡಿಯ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಮಗ ಶಿವಶಂಕರ ತನ್ನ ಲಗೇಜ್ ಆಟೋದಲ್ಲೇ ಅಪ್ಪನನ್ನು ಮನೆಗೆ ತಂದ. ನಿಂಗಮ್ಮ ಹೊರಗೆ ಬಂದು ನೋಡಿದಳು. ಅವಳ ಬಾಯಿಂದ ಬಂದ ಮೊದಲ ಮಾತು, "ಟಗರು ಎಲ್ಲಿ?" ಎಂಬುದು. ನೆರೆದ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾಗ ಅವಳು ಎದ್ದು ಕುರಿಗಳಿಗೆ ನೀರು ತೋರಿಸಿ ಬಂದಳು. ಪಕ್ಕದ ಮನೆಯ ಹುಲಿಯಮ್ಮ ಅವಳ ಭುಜ ಹಿಡಿದು ಅಲ್ಲಾಡಿಸಿ, "ಅಳಬೇ ನಿಂಗೀ, ಎದಿ ಹಗುರಾಗ್ತೈತಿ" ಎಂದಳು. ನಿಂಗಮ್ಮ ಪ್ರಯತ್ನಪಟ್ಟಳು. ಬರಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಕಲ್ಲು ಮನಸ್ಸಿನವಳು ಎಂದರು. ಅದೂ ಅವಳಿಗೆ ನಾಟಲಿಲ್ಲ.

ಅಲ್ಲಿಂದ ಈಚೆಗೆ ಅವಳಿಗೆ ಏನೂ ನಾಟುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಮಗನ ಮದುವೆಯಲ್ಲಿ ಎಲ್ಲರೂ ನಕ್ಕಾಗ ತಾನೂ ನಕ್ಕಳು, ಊಟಕ್ಕೆ ಕರೆದಾಗ ಎದ್ದು ಹೋದಳು. ಬೆಳಗ್ಗೆ ಕುರಿ ಬಿಡುವುದು, ಕೆರೆ ಹಿಂದಿನ ಬೀಳಿನಲ್ಲಿ ಮೇಯಿಸುವುದು, ಸಂಜೆ ಹಟ್ಟಿಗೆ ಕೂಡುವುದು. ಕೈಕಾಲು ಕೆಲಸ ಮಾಡುತ್ತಿದ್ದವು, ಅವಳು ಅವುಗಳ ಹಿಂದೆ ಹೋಗುತ್ತಿದ್ದಳು.

ಸೊಸೆ ಗಂಗಾಶ್ರೀ ಸೊರಬದ ಕಡೆಯವಳು, ಕುಪ್ಪಗಡ್ಡೆ. ಮಾತೆತ್ತಿದರೆ ಎಂತ, ಎಂತ ಎನ್ನುವ ಹುಡುಗಿ. ಗಂಡನನ್ನು "ಶಿವೂ" ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಾಳೆ. ಮೊದಲ ದಿನ ನಿಂಗಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ನೋಡಿದ್ದಳು. ಶಿವಶಂಕರನಿಗೆ ಏನೂ ಆಗಲಿಲ್ಲ. ಇನ್ನೆರಡು ರೊಟ್ಟಿ ಹಾಕಿಸಿಕೊಂಡು ತಿಂದ.

ಈ ಗಂಗಾಶ್ರೀ ಮಾವನನ್ನು ನೋಡಿದವಳಲ್ಲ. ಗೋಡೆಯ ಮೇಲಿನ ಫೋಟೋ ಒರೆಸುತ್ತ ಒಂದು ದಿನ ಕೇಳಿದಳು. "ಅತ್ತೆ, ಮಾವ ಹಿಂಗೇ ಇದ್ರಾ?"

ಆ ಫೋಟೋದ ಕಥೆ ಹೇಳಬೇಕು. ಹುಚ್ಚರಾಯಪ್ಪ ಬದುಕಿದ್ದಾಗ ಸರಿಯಾದ ಫೋಟೋ ತೆಗೆಸಿಕೊಂಡವನಲ್ಲ. ಅಂಗೈಯಗಲದ ಗುರುತಿನ ಚೀಟಿಯಲ್ಲಿದ್ದ ಮಸುಕು ಮುಖವನ್ನೇ ಸ್ಟುಡಿಯೋದವರು ದೊಡ್ಡದು ಮಾಡಿ, ಬಣ್ಣ ಬಳಿದು, ಕೆಳಗೆ ಯಾರದೋ ಕೋಟು ಟೈ ಅಂಟಿಸಿ ಕೊಟ್ಟಿದ್ದರು. ಹುಟ್ಟಿದಾಗಿನಿಂದ ಹೆಗಲ ಮೇಲೆ ಕರಿ ಕಂಬಳಿ ಬಿಟ್ಟು ಬೇರೆ ಹೊದೆಯದ ಮನುಷ್ಯ, ಸತ್ತ ಮೇಲೆ ಬ್ಯಾಂಕ್ ಮ್ಯಾನೇಜರನಾಗಿದ್ದ.

"ಇಲ್ಲ, ಹಿಂಗಿರಲಿಲ್ಲ" ಎಂದಳು ನಿಂಗಮ್ಮ.

"ಮತ್ತೆ ಹೆಂಗಿದ್ರು? ನಗೋವಾಗ ಎಂತ ಕಾಣ್ತಿದ್ರು?"

ನಿಂಗಮ್ಮ ಹೇಳಲು ಬಾಯಿ ತೆರೆದಳು. ಕಂಬಳಿ ನೆನಪಾಯಿತು, ಕೋಲು ನೆನಪಾಯಿತು, ಬಿರುಕುಬಿಟ್ಟ ಹಿಮ್ಮಡಿ ನೆನಪಾಯಿತು. ಮುಖ ಬರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಫೋಟೋದವನು ಬಂದು ನಿಲ್ಲುತ್ತಿದ್ದ. ಅಳು ಬಾರದಿದ್ದಾಗ ಸುಮ್ಮನಿದ್ದವಳು ಇದಕ್ಕೆ ಹೆದರಿದಳು. ಗಂಡನಂತೂ ಹೋದ, ಈಗ ಅವನ ಮುಖವೂ ಹೋಗುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ತಾನು ಕೋಟಿನವನ ಹೆಂಡತಿಯಾಗಿ ಉಳಿಯುತ್ತೇನೆ ಎನ್ನಿಸಿತು.

ಅವನು ಕನಸಿಗೆ ಬರುತ್ತಿದ್ದ. ಬಂದರೂ ಬೆನ್ನಷ್ಟೇ. ಮಧ್ಯಾಹ್ನ ಕುರಿಗಳು ಹೊಂಗೆಮರದ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಾಗ ನಿಂಗಮ್ಮನೂ ಸೆರಗು ಹಾಸಿ ಒರಗುತ್ತಿದ್ದಳು. ಕಣ್ಣು ಹತ್ತಿದೊಡನೆ ಅವನು ಹಿಂಡಿನ ಮುಂದೆ ನಡೆಯುತ್ತಿರುತ್ತಿದ್ದ. ಅವಳು ಹಿಂದೆ. ಇದು ಕನಸು ಎಂದು ಹೊಳೆಯುತ್ತಿತ್ತು, ಹೊಳೆದ ಕ್ಷಣಕ್ಕೇ ಎಚ್ಚರವಾಗುತ್ತಿತ್ತು. ಇದನ್ನು ಅವಳು ಬುತ್ತಿ ತಂದ ಸೊಸೆಗೆ ಒಂದು ದಿನ ಹೇಳಿದಳು. ಬೇರೆ ಸೊಸೆಯಾಗಿದ್ದರೆ ತಾಯಿತ ಕಟ್ಟಿಸೋಣ ಎನ್ನುತ್ತಿದ್ದಳೋ ಏನೋ. ಗಂಗಾಶ್ರೀ ಸ್ಕೂಟಿಯ ಮೇಲೆ ಕೂತು ಮೊಬೈಲು ತೆಗೆದಳು.

"ಅದಕ್ಕೂ ವಿಡಿಯೋ ಇದಾವೆ ಅತ್ತೆ. ಗೊತ್ತಿರೋ ಕನಸು ಅಂತಾರೆ. ಅದ್ರಲ್ಲಿ ಜಾಸ್ತಿ ಹೊತ್ತು ಇರೋದನ್ನ ಕಲೀಬಹುದಂತೆ."

"ಕನಸೊಳಗ ಇರಾದು ಕಲಿಯಾದೇನೇ? ಈಜು ಕಲ್ತಂಗ?"

"ಹೂಂ, ಹಂಗೇ ಅಂತ ಇಟ್ಕಳಿ."

ಕಲಿಸುವ ಪುಣ್ಯಾತ್ಮ ಯಾವ ಊರಿನವನೋ, ಹಿಂದೆ ಪುಸ್ತಕಗಳನ್ನು ಜೋಡಿಸಿಕೊಂಡು ಮೆಲ್ಲಗೆ ಮಾತಾಡುತ್ತಿದ್ದ. ಕನಸೋ ನಿಜವೋ ತಿಳಿಯಬೇಕಾದರೆ ಏನಾದರೂ ಬರಹವನ್ನು ಓದಿ, ಬೇರೆ ಕಡೆ ನೋಡಿ, ಮತ್ತೆ ಓದಬೇಕಂತೆ. ಕನಸಿನಲ್ಲಾದರೆ ಅಕ್ಷರ ಬದಲಾಗಿರುತ್ತವಂತೆ. ಕನಸು ಕರಗತೊಡಗಿದರೆ ಅಂಗೈಗಳನ್ನು ಉಜ್ಜಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು, ಖುಷಿ ಪಡಬಾರದು. ಖುಷಿಯಾದರೆ ಎಚ್ಚರ ಗ್ಯಾರಂಟಿ.

"ಓದಾಕ ನಂಗೆಲ್ಲಿ ಬರ್ತೈತಿ" ಎಂದಳು ನಿಂಗಮ್ಮ. ಆಮೇಲೆ ಮಲಗಿದ್ದ ಒಂದು ಕುರಿಯ ಕಿವಿ ಹಿಡಿದು ನೋಡಿದಳು. ಅವರ ಹಿಂಡಿನ ಗುರುತು ಎಡಗಿವಿಯ ತುದಿಗೆ ಒಂದು ಕಚ್ಚು. ಊರಿನ ಬೇರೆ ಹಿಂಡುಗಳದು ಬೇರೆ ಬೇರೆ. ಅವಳಿಗೆ ಅದೇ ಅಕ್ಷರ.

ಅಂದಿನಿಂದ ನಿಂಗಮ್ಮ ಹೋದಲ್ಲಿ ಬಂದಲ್ಲಿ ಕುರಿಯ ಕಿವಿ ನೋಡುವುದು, ಆಕಾಶ ನೋಡುವುದು, ಮತ್ತೆ ಕಿವಿ ನೋಡುವುದು ಮಾಡತೊಡಗಿದಳು. ಹಗಲು ರೂಢಿಯಾದರೆ ಕನಸಿನಲ್ಲೂ ತಾನಾಗಿ ಬರುತ್ತದೆ ಎಂದು ಪುಣ್ಯಾತ್ಮ ಹೇಳಿದ್ದ. ಇದನ್ನು ಕಂಡ ಹುಲಿಯಮ್ಮ ಬಾವಿಕಟ್ಟೆಯಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು. "ಏನಬೇ ನಿಂಗೀ, ಹುಚ್ಚು ಹಿಡದೈತೇನು?"

ನಿಂಗಮ್ಮ ಇಲ್ಲ ಎನ್ನಬೇಕಿತ್ತು. "ನಂಗ್ಯಾಕ..." ಎಂದು ಶುರುಮಾಡಿ ನಿಂತಳು. ಮುಂದಿನ ಮಾತನ್ನು ಹೇಳುವಂತಿಲ್ಲ. "ನೀನಂದಿದ್ದು ಹಿಡದಿಲ್ಲ" ಎಂದು ಕೊಡ ಎತ್ತಿಕೊಂಡು ನಡೆದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

ಕನಸು ಹಿಡಿತಕ್ಕೆ ಬರಲು ಒಂದು ಮಳೆಗಾಲ ಹಿಡಿಯಿತು. ಒಂದು ಮಧ್ಯಾಹ್ನ ಹಿಂಡಿನ ಹಿಂದೆ ನಡೆಯುತ್ತಿದ್ದವಳು ಪಕ್ಕದ ಕುರಿಯ ಕಿವಿ ನೋಡಿದಳು. ಒಂದು ಕಚ್ಚು. ಆಕಾಶ ನೋಡಿ ಮತ್ತೆ ನೋಡಿದಳು. ಎರಡು ಕಚ್ಚು, ಅದೂ ಬಲಗಿವಿಗೆ. ಓಹೋ, ಕನಸು. ಹುರಿದ ಶೇಂಗಾದ ಸಿಪ್ಪೆ ತೆಗೆಯುವಾಗ ಉಜ್ಜುವಂತೆ ಅಂಗೈ ಉಜ್ಜಿದಳು. ಕರಗುತ್ತಿದ್ದ ಕೆರೆ ಏರಿ ಮತ್ತೆ ಗಟ್ಟಿಯಾಯಿತು. ಕಾಲಿಗೆ ಕಲ್ಲು ಚುಚ್ಚಿತು, ಕುರಿಯ ವಾಸನೆ ಬಂತು. ಇನ್ನು ಖುಷಿ ಪಡಬಾರದು. ಅದೇನು ಅವಳಿಗೆ ಕಷ್ಟವಿರಲಿಲ್ಲ. ಖುಷಿ ಎಲ್ಲಿತ್ತು ಪಡಲು?

ನೋಡಿ, ಗಂಗಾಶ್ರೀಯೂ ಇದೇ ವಿದ್ಯೆ ಕಲಿಯಲು ಹೋಗಿದ್ದಳು. ಕನಸೆಂದು ತಿಳಿದ ಕೂಡಲೇ ಕುಪ್ಪಗಡ್ಡೆಯ ಗದ್ದೆಗಳ ಮೇಲೆ ಹಾರಿದಳು, ತವರುಮನೆ ಹಂಚು ಕಂಡಿತು, ಹೋ ಎಂದು ಕಿರುಚಿದಳು, ಎಚ್ಚರವಾಯಿತು. ಪ್ರತಿಸಲವೂ ಅಷ್ಟೇ. ಅತ್ತೆಯಾದರೋ ಒಮ್ಮೆ ಹೊಕ್ಕರೆ ಕುರಿಗಳೇ ಎದ್ದು ಬಂದು ಮೂಸಿ ಎಬ್ಬಿಸಬೇಕು. ಜಗತ್ತಿನಲ್ಲಿ ಏನೂ ಅನ್ನಿಸದವರಿಗೂ ಒಂದು ವಿದ್ಯೆ ಸಲೀಸಾಗಿ ಒಲಿಯುತ್ತದೆ ಎಂದರೆ ಅದು ಇದೊಂದೇ ಇರಬೇಕು. ಇದ್ದು ಮಾಡುವುದಾದರೂ ಏನು? ಅಲ್ಲೂ ಕುರಿ ಕಾಯುತ್ತಿದ್ದಳು. ಹಗಲೆಲ್ಲ ಕಾದದ್ದು ಸಾಲದೆಂದು ಕನಸಿನಲ್ಲಿ ಇನ್ನೊಂದು ಪಾಳಿ.

ಆದರೆ ಅವನು ತಿರುಗಲಿಲ್ಲ. ಬಳಸಿಕೊಂಡು ಮುಂದೆ ಹೋದರೆ ಅಲ್ಲೂ ಬೆನ್ನೇ ಎದುರಾಗುತ್ತಿತ್ತು. ಕಂಬಳಿಯ ಚುಂಗು ಹಿಡಿದೆಳೆದರೆ ಕಂಬಳಿ ಉದ್ದವಾಗುತ್ತ ಹೋಗುತ್ತಿತ್ತೇ ಹೊರತು ಅವನು ಸನಿಹ ಬರುತ್ತಿರಲಿಲ್ಲ.

ಒಂದು ದಿನ ಕನಸು ಅವಳನ್ನು ಆನವಟ್ಟಿ ಸಂತೆಯಲ್ಲಿ ನಿಲ್ಲಿಸಿತು. ಅವನು ಚಹಾದಂಗಡಿಯ ಕಡೆ ನಡೆಯುತ್ತಿದ್ದ. ಆ ಬೆಂಚಿನ ಕಡೆ. ನಿಂಗಮ್ಮ ಗಂಡನನ್ನು ಹೇಗೆ ಕರೆಯುತ್ತಿದ್ದಳೋ ಹಾಗೇ ಕರೆದಳು. "ರೀ, ಇಲ್ಲಿ ಕೇಳ್ರಿ!"

ಸಂತೆಯಲ್ಲಿದ್ದ ಗಂಡಸರೆಲ್ಲ ತಿರುಗಿದರು. ದಲ್ಲಾಳಿ ತಿರುಗಿದ, ಚಹಾ ಸೋಸುವವನು ತಿರುಗಿದ, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ತಿರುಗಿದ. ಎಲ್ಲರೂ ಯಾರಾದರೊಬ್ಬರ 'ರೀ' ತಾನೇ. ಒಬ್ಬ ಮಾತ್ರ ತಿರುಗಲಿಲ್ಲ. ಮರುದಿನ "ಶಿವೂನ ಅಪ್ಪಾ" ಎಂದಳು. ಶಿವಶಂಕರನೇ ಚಡ್ಡಿ ಹಾಕಿದ ಹುಡುಗನಾಗಿ ಓಡಿ ಬಂದು, "ಏನವ್ವಾ?" ಎಂದ. ಕೊನೆಗೆ ಉಪಾಯಗಾಣದೆ "ಹನುಮಂತಪ್ಪಾ" ಎಂದೂ ಕರೆದು ನೋಡಿದಳು. ಅವಳು ಜನ್ಮದಲ್ಲಿ ಕಾಣದ ಒಬ್ಬ ಬೊಕ್ಕತಲೆಯವನು ಅಕ್ಕಿಚೀಲ ಹೊತ್ತು ಬಂದು, "ಏನ್ರಿ ಯಜಮಾನ್ತಿ?" ಎಂದು ಎದುರಿಗೆ ನಿಂತ.

ಸೊಸೆ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೇಳಿದಳು. "ಹೆಸ್ರು ಹಿಡಿದೇ ಕರೀಬೇಕು ಅತ್ತೆ. ವಿಡಿಯೋದಲ್ಲೂ ಹಂಗೇ ಹೇಳ್ತಾರೆ. ಹೆಸ್ರು ಕೂಗಿದ್ರೆ ತಿರುಗ್ತಾರೆ."

ನಿಂಗಮ್ಮ ಇನ್ನೊಂದು ತುಂಡು ರೊಟ್ಟಿ ಮುರಿದಳು.

"ಒಂದ್ಸಲ ಅನ್ನಿ. ಎಂತಾಗ್ತದೆ?"

"ಅನ್ನಬಾರ್ದು."

"ಯಾಕೆ?"

"ಆಯಸ್ಸು ಕಮ್ಮಿ ಆಗ್ತೈತಿ."

ಗಂಗಾಶ್ರೀ ಕೆಟ್ಟವಳಲ್ಲ, ಬಾಯಿಗೆ ಬಂದದ್ದನ್ನು ಆಡುವ ವಯಸ್ಸು. "ಹೋದೋರ ಆಯಸ್ಸು ಇನ್ನೆಂತ ಕಮ್ಮಿ ಆಗ್ತದೆ ಅತ್ತೆ?" ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ನಿಂಗಮ್ಮನಿಗೆ ಸಿಟ್ಟು ಬರಲಿಲ್ಲ. ಕೈ ತೊಳೆದು ಕುರಿಗಳ ಕಡೆ ಹೋದಳು. ಆ ಪ್ರಶ್ನೆ ಮಾತ್ರ ಅವಳ ಹಿಂದೆಯೇ ಬಂತು, ಸಂಜೆ ಹಟ್ಟಿಯವರೆಗೂ ಬಂತು. ಹುಡುಗಿ ಹೇಳಿದ್ದು ಸರಿ. ಸರಿ ಎಂದು ಗೊತ್ತಿದ್ದೂ ಈ ಎರಡು ವರ್ಷ ತಾನು ಹುಚ್ಚೆಳ್ಳಿಗೆ ಗುರೆಳ್ಳು ಎಂದೇ ಅನ್ನುತ್ತ ಬಂದದ್ದು ಯಾಕೆ? ಯಾರ ಆಯುಷ್ಯ ಕಾಯುತ್ತಿದ್ದಳು? ಬೇಲಿಗೆ ಮುಳ್ಳು ಜೋಡಿಸುತ್ತ ಅವಳಿಗೆ ತಿಳಿಯಿತು. ಹೆಸರು ಹೇಳದಿರುವಷ್ಟು ದಿನ ಎಲ್ಲೋ ಒಂದು ಕಡೆ ಅವನ ಆಯುಷ್ಯ ಇನ್ನೂ ಇದೆ. ಕಾಯುವುದಕ್ಕೆ ಇನ್ನೂ ಏನೋ ಉಳಿದಿದೆ. ಹೇಳಿದ ದಿನ ಅದು ಮುಗಿಯಿತು. ಹೇಳದಿದ್ದರೆ ಮುಖ ಸಿಗುವುದಿಲ್ಲ, ಹೇಳಿದರೆ ಮನುಷ್ಯ ಉಳಿಯುವುದಿಲ್ಲ.

ಅದಾದ ಮೇಲೆ ಅವಳು ಎಷ್ಟೋ ಮಧ್ಯಾಹ್ನ ಬೆನ್ನ ಹಿಂದೆ ಸುಮ್ಮನೆ ನಡೆದಳು. ಕರೆಯಲಿಲ್ಲ. ಹಾಗೇ ಇರಬಹುದಿತ್ತು, ಅವಳಿಗೆ ಅದು ಸಾಧ್ಯವಿತ್ತು. ಆದರೆ ಒಂದು ಸಲ ಮುಂದೆ ನಡೆಯುತ್ತಿದ್ದವನ ಕಂಬಳಿಯ ಕೆಳಗೆ ಬೇರೆ ಏನೋ ಬಟ್ಟೆ ಕಂಡಿತು. ಹತ್ತಿರ ಹೋಗಿ ನೋಡಿದಳು. ಕಪ್ಪು ಕೋಟಿನ ಅಂಚು.

ಮಾರನೆಯ ದಿನ ಮೋಡವಿತ್ತು. ಕುರಿಗಳು ಹೊಂಗೆಮರದಡಿ ಸೇರಿದವು, ನಿಂಗಮ್ಮ ಒರಗಿದಳು. ಕೆರೆ ಏರಿ, ಹಿಂಡು, ಮುಂದೆ ಅವನು. ಕಿವಿ ನೋಡಿದಳು, ಆಕಾಶ ನೋಡಿದಳು, ಮತ್ತೆ ನೋಡಿದಳು. ಈ ಸಲ ಕಿವಿಯಲ್ಲಿ ಕಚ್ಚೇ ಇರಲಿಲ್ಲ. ಅಂಗೈ ಉಜ್ಜಿದಳು. ನೆಲ ಗಟ್ಟಿಯಾಯಿತು. ಎದೆಯೊಳಗೆ ಎಂದಿನಂತೆ ಏನೂ ಇರಲಿಲ್ಲ.

"ಹು..." ಎಂದಳು. ನಾಲಿಗೆ ಏಳಲಿಲ್ಲ. ಹೇಳಿದರೆ ಎಷ್ಟು ಹೊತ್ತಿನ ಕೆಲಸ? ನಾಲ್ಕಕ್ಷರ, ಐದಕ್ಷರ. ದೇವಸ್ಥಾನದಲ್ಲಿ ಮಕ್ಕಳೂ ಕೂಗುವ ಹೆಸರು. ಸೆರಗನ್ನು ಬಾಯಿಂದ ತೆಗೆದು ಹೇಳಿದಳು.

"ಹುಚ್ಚರಾಯಪ್ಪಾ."

ಹಿಂಡು ನಿಂತಿತು. ಅವನೂ ನಿಂತ. ಕಂಬಳಿ ಸರಿಮಾಡಿಕೊಂಡು ತಿರುಗಿದ.

ಬಿಳಿಮೀಸೆಯ ಒಂದು ಪಕ್ಕ ಬೀಡಿ ಹೊಗೆಗೆ ಹಳದಿಯಾಗಿತ್ತು. ಹುಬ್ಬಿನ ಮೇಲೆ ಟಗರು ಹಾಯ್ದ ಗಾಯದ ಗುರುತಿತ್ತು. ಅದನ್ನು ಅವಳು ಹೇಗೆ ಮರೆತಳು? ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಹೆಚ್ಚು ಮುಚ್ಚುತ್ತಿತ್ತು. ಈಗಲೂ ಮುಚ್ಚಿತ್ತು. ಮಾತು ಕಲಿತ ಮಗುವನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದ.

"ಏನಂದಿ?" ಎಂದ. "ಇನ್ನೊಮ್ಮಿ ಅನ್ನು."

"ಹುಚ್ಚರಾಯಪ್ಪ" ಎಂದಳು ನಿಂಗಮ್ಮ. ಅಂದದ್ದೇ ತಡ, ಎದೆಯಲ್ಲಿ ಏನೋ ಮೇಲೆ ಬಂತು. ಖುಷಿ ಎಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಏರಿ ಅಂಚಿನಿಂದ ಕರಗತೊಡಗಿತು, ಕುರಿಗಳು ಬೆಳ್ಳಗಾದವು. ಅಂಗೈ ಉಜ್ಜಬೇಕೆಂದು ಗೊತ್ತಿತ್ತು. ಉಜ್ಜಿದ್ದರೆ ಅವನು ಇನ್ನಷ್ಟು ಹೊತ್ತು ಇರುತ್ತಿದ್ದ, ಅವಳಷ್ಟು ಚೆನ್ನಾಗಿ ಆ ವಿದ್ಯೆ ಬಲ್ಲವರು ಆ ಸೀಮೆಯಲ್ಲೇ ಇರಲಿಲ್ಲ. ಉಜ್ಜಲಿಲ್ಲ. ಕೈ ಕೆಳಗೆ ಬಿಟ್ಟುಕೊಂಡು ಅವನ ಮುಖವನ್ನು ಕೊನೆಯವರೆಗೂ ನೋಡಿದಳು.

ಗಂಗಾಶ್ರೀ ಬುತ್ತಿ ಹಿಡಿದು ಬಂದಾಗ ದೂರದಿಂದಲೇ ಆ ದನಿ ಕೇಳಿತು. ಸ್ಕೂಟಿಯನ್ನು ದಾರಿಯಲ್ಲೇ ಬೀಳಿಸಿ ಓಡಿದಳು. ಅತ್ತೆ ಮರದ ಕೆಳಗೆ ಮಣ್ಣಿನಲ್ಲಿ ಕೂತು, ಎರಡೂ ಕೈಯಿಂದ ಎದೆ ಬಡಿದುಕೊಂಡು, ಹುಚ್ಚರಾಯಪ್ಪ, ಹುಚ್ಚರಾಯಪ್ಪ ಎಂದು ಹೆಸರು ಹಿಡಿದು ಅಳುತ್ತಿದ್ದಳು. ಕುರಿಗಳು ಬೆದರಿ ಏರಿಯ ಮೇಲೆ ಚದುರಿದ್ದವು.

"ಎಂತಾತು ಅತ್ತೆ? ಅತ್ತೆ, ಎಂತಾತು?"

ನಿಂಗಮ್ಮ ಸೊಸೆಯ ತೋಳು ಹಿಡಿದುಕೊಂಡಳು.

"ನಿಮ್ಮ ಮಾವ ತೀರ್ಕೊಂಡ್ರು ಗಂಗಾ" ಎಂದಳು.

ಯಾವಾಗ ಎಂದು ಗಂಗಾಶ್ರೀ ಕೇಳಲಿಲ್ಲ. ಬುತ್ತಿಯನ್ನು ಪಕ್ಕಕ್ಕಿಟ್ಟು ಅಲ್ಲೇ ಮಣ್ಣಿನಲ್ಲಿ ಕೂತು, ಅತ್ತೆಯ ತಲೆಯನ್ನು ಎದೆಗಾನಿಸಿಕೊಂಡು ತಾನೂ ಅಳತೊಡಗಿದಳು.